ಯಂತ್ರಕವಚದ ಪದಾತಿಗೆ ಸಣ್ಣ ಅಣ್ವಸ್ತ್ರ ಕೊಟ್ಟರೆ ಆಟದ ನಿಯಮವನ್ನು ಹೇಗೆ ಕಟ್ಟಬೇಕು?

ಪದವಿನಂಚು (ಬದಿಯಡ್ಕ):

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಾವು ಕೆಲವು ಗೆಳೆಯರು ಭಾನುವಾರ ಸಂಜೆ ಒಟ್ಟು ಸೇರಿ, ಮುಂದಿನ ಕಾಲದ ಯುದ್ಧವೊಂದನ್ನು ಕಲ್ಪಿಸಿಕೊಂಡು, ನಕ್ಷೆಯ ಮೇಲೆ ಕಾಯಿ ನಡೆಸುವ ವಾರ್‌ಗೇಮ್ ಆಡುತ್ತೇವೆ. ನಿಯಮಗಳನ್ನು ನಾವೇ ಬರೆದುಕೊಂಡಿದ್ದೇವೆ. ನಕ್ಷೆಗಾಗಿ ಬೇರೆ ಯಾವುದೋ ಗ್ರಹವನ್ನು ಹುಡುಕುವ ಬದಲು ನಮ್ಮ ಸೀಮೆಯನ್ನೇ ಆರಿಸಿಕೊಂಡೆವು. ಪಶ್ಚಿಮಕ್ಕೆ ಕುಂಬಳೆಯ ಕಡಲತೀರ ಮತ್ತು ಹೆದ್ದಾರಿ, ಉತ್ತರಕ್ಕೆ ಶಿರಿಯಾ ಹೊಳೆ, ಪೂರ್ವಕ್ಕೆ ಬದಿಯಡ್ಕದಾಚೆಗಿನ ಗುಡ್ಡೆಗಳು; ನಡುವೆ ಮುರಕಲ್ಲಿನ (ಜಂಬಿಟ್ಟಿಗೆಯ) ಪದವುಗಳು, ಅಂದರೆ ಮರವಿಲ್ಲದ ಎತ್ತರದ ಮಟ್ಟಸ ನೆಲಗಳು; ಅವುಗಳ ಸಂದಿಯಲ್ಲಿ ಬೈಲುಗಳು, ಅಂದರೆ ಅಡಿಕೆ ತೋಟಗಳಿರುವ ಇಕ್ಕಟ್ಟಾದ ಕಣಿವೆಗಳು. ನಕ್ಷೆಯ ಪ್ರತಿಯೊಂದು ಷಟ್ಕೋನ ಮನೆ ನೆಲದ 200 ಮೀಟರ್‌ಗೆ ಸಮ, ಪ್ರತಿಯೊಂದು ಸರದಿ ಎರಡು ನಿಮಿಷಕ್ಕೆ ಸಮ.

ಆಟದ ಮುಖ್ಯ ಪಡೆ ಪವರ್ಡ್ ಆರ್ಮರ್, ಅಂದರೆ ಯಂತ್ರದ ಬಲದಿಂದ ಚಲಿಸುವ ಕವಚ ತೊಟ್ಟ ಪದಾತಿ. ಅದನ್ನು ನಾವು ಯಂತ್ರಕವಚ ಎಂದು ಕರೆಯುತ್ತೇವೆ. ಕವಚ ತೊಟ್ಟ ಸೈನಿಕ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ, ಅಂದರೆ ಒಂದು ಸರದಿಯಲ್ಲಿ ಐದು ಮನೆ ದಾಟಬಲ್ಲ. ಪ್ರತಿ ತುಕಡಿಗೆ ಒಂದರಂತೆ, 20 ಟನ್ ಟಿಎನ್‌ಟಿಗೆ ಸಮನಾದ ಅಣ್ವಸ್ತ್ರವನ್ನು ಕೊಟ್ಟಿದ್ದೇವೆ. ತೊಡಕು ಹುಟ್ಟಿದ್ದು ಇಲ್ಲಿಂದ.

ಮೊದಲು ನಾವು ಬರೆದ ನಿಯಮದ ಪ್ರಕಾರ ಅಸ್ತ್ರ ಬಿದ್ದ ಮನೆಯಲ್ಲಿಯೂ ಸುತ್ತಲಿನ ಆರು ಮನೆಗಳಲ್ಲಿಯೂ ಇರುವ ಕಾಯಿಗಳೆಲ್ಲ ಸತ್ತಂತೆ. ಆಗ ಯಾರು ಮೊದಲು ಹಾರಿಸುತ್ತಾರೋ ಅವರೇ ಗೆಲ್ಲತೊಡಗಿದರು. ಅದು ಸರಿಯಾಗದೆಂದು, ಕವಚವಿದ್ದವರಿಗೆ ದಾಳ ಹಾಕಿ ಉಳಿಯುವ ಅವಕಾಶ ಕೊಟ್ಟೆವು. ಆಗ ಅಣ್ವಸ್ತ್ರಕ್ಕೂ ಸಾಮಾನ್ಯ ಮಾರ್ಟರ್‌ಗೂ ವ್ಯತ್ಯಾಸವೇ ಕಾಣದಾಯಿತು. ಈ ಎರಡು ನಿಯಮಗಳಲ್ಲಿ ಒಂದೂ ನಿಜಕ್ಕೆ ಹತ್ತಿರವಲ್ಲ ಎಂದು ನನಗನಿಸುತ್ತದೆ. ಅಷ್ಟು ಚಿಕ್ಕ ಅಣ್ವಸ್ತ್ರ ನಿಜವಾಗಿ ಏನು ಮಾಡುತ್ತದೆ, ಕವಚ ಅದನ್ನು ಎಷ್ಟರ ಮಟ್ಟಿಗೆ ತಡೆಯಬಲ್ಲದು, ಆಟದಲ್ಲಿ ಅದರ ಬಳಕೆಗೆ ಯಾವ ಕಡಿವಾಣ ನ್ಯಾಯವಾದದ್ದು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ವಿನಂತಿ.

ನಿವೃತ್ತ ಮಾಸ್ತರ (ನೀರ್ಚಾಲು):

ಪ್ರಶ್ನೆ ಕೇಳಿದ ತಮ್ಮನಿಗೆ ನಮಸ್ಕಾರ. ಭೌತಶಾಸ್ತ್ರ ಕಲಿಸಿದವನಾದ ಕಾರಣ ಲೆಕ್ಕದಿಂದಲೇ ಆರಂಭಿಸುತ್ತೇನೆ.

ಸ್ಫೋಟದ ಒತ್ತಡ ಹಬ್ಬುವ ದೂರ, ಸ್ಫೋಟಶಕ್ತಿಯ ಘನಮೂಲಕ್ಕೆ ಅನುಗುಣವಾಗಿ ಬದಲಾಗುತ್ತದೆ. ಒಂದು ಕಿಲೋಟನ್ (ಸಾವಿರ ಟನ್) ಬಾಂಬು ನೆಲಮಟ್ಟದಲ್ಲಿ ಸಿಡಿದರೆ ಸಾಮಾನ್ಯ ಕಟ್ಟಡಗಳನ್ನು ಕೆಡಹುವಷ್ಟು ಒತ್ತಡ ಸುಮಾರು 450 ಮೀಟರ್‌ವರೆಗೆ ಇರುತ್ತದೆ. ನಿಮ್ಮ ಅಸ್ತ್ರ ಅದರ ಐವತ್ತರಲ್ಲಿ ಒಂದು ಪಾಲು. ಐವತ್ತನೇ ಒಂದರ ಘನಮೂಲ ಸುಮಾರು 0.27, ಹಾಗಾಗಿ ಅದೇ ಒತ್ತಡ ಇಲ್ಲಿ 120 ಮೀಟರ್‌ಗೆ ಮುಗಿಯುತ್ತದೆ. ಕಟ್ಟಡ ಬೀಳಿಸುವ ಒತ್ತಡವನ್ನು ಗಟ್ಟಿಯಾದ ಕವಚ ತೊಟ್ಟವನು ತಾಳಿಕೊಳ್ಳಬಲ್ಲನೆಂದು ಒಪ್ಪಿದರೆ, ಒತ್ತಡದಿಂದ ಸಾಯುವವರು ನಕ್ಷೆಯಲ್ಲಿ ಅಸ್ತ್ರ ಬಿದ್ದ ಮನೆಯೊಳಗೇ ಇದ್ದವರು ಮಾತ್ರ. ಸುಡುವ ಬಿಸಿಯನ್ನೂ ಮುಚ್ಚಿದ ಕವಚ ಬಹುಮಟ್ಟಿಗೆ ತಡೆಯುತ್ತದೆ.

ವಿಕಿರಣದ ವಿಚಾರ ಹೀಗಲ್ಲ. ಒಂದು ಕಿಲೋಟನ್ ಬಾಂಬಿನ ಮಾರಕ ವಿಕಿರಣ ಸುಮಾರು 800 ಮೀಟರ್‌ವರೆಗೆ ಮುಟ್ಟುತ್ತದೆ. 20 ಟನ್‌ನದು ಸುಮಾರು 400 ಮೀಟರ್‌ವರೆಗೆ. ಅಂದರೆ ಸ್ಫೋಟಶಕ್ತಿಯನ್ನು ಐವತ್ತು ಪಟ್ಟು ಇಳಿಸಿದಾಗ ಒತ್ತಡದ ವ್ಯಾಪ್ತಿ ಕಾಲುಭಾಗಕ್ಕೆ ಕುಗ್ಗಿದರೆ, ವಿಕಿರಣದ ವ್ಯಾಪ್ತಿ ಕುಗ್ಗುವುದು ಅರ್ಧಕ್ಕೆ ಮಾತ್ರ. ಬಾಂಬು ಚಿಕ್ಕದಾದಷ್ಟೂ ಅದು ಹೆಚ್ಚು ಹೆಚ್ಚಾಗಿ ವಿಕಿರಣದ ಆಯುಧವಾಗುತ್ತದೆ. ನಿಮ್ಮ ಎರಡು ನಿಯಮಗಳೂ ಅದನ್ನು ದೊಡ್ಡದೊಂದು ಗುಂಡೆಂದು ಭಾವಿಸಿವೆ. ಆಟ ಕೆಟ್ಟದ್ದು ಅದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಈಗ ಕವಚದ ಮಾತು. ಸ್ಫೋಟದ ಕ್ಷಣದಲ್ಲಿ ಬರುವ ಗಾಮಾ ಕಿರಣಗಳನ್ನು ಹತ್ತನೇ ಒಂದು ಪಾಲಿಗೆ ಇಳಿಸಲು ಸುಮಾರು 10 ಸೆಂಟಿಮೀಟರ್ ದಪ್ಪದ ಉಕ್ಕು ಬೇಕು. ಅಷ್ಟು ದಪ್ಪದ ಉಕ್ಕು ಒಂದು ಚದರ ಮೀಟರ್‌ಗೆ 785 ಕಿಲೋ ತೂಗುತ್ತದೆ. ಮನುಷ್ಯನ ಮೈಯನ್ನು ಸುತ್ತಲೂ ಮುಚ್ಚಲು ಎರಡು ಚದರ ಮೀಟರ್ ಎಂದಿಟ್ಟುಕೊಂಡರೂ ಕವಚದ ಭಾರ ಒಂದೂವರೆ ಟನ್ ದಾಟಿತು. ಡೋಸನ್ನು, ಅಂದರೆ ಮೈಗೆ ಬೀಳುವ ವಿಕಿರಣದ ಪ್ರಮಾಣವನ್ನು, ಅರ್ಧಕ್ಕೆ ಇಳಿಸಿದರೆ ಸಾಕೆಂದರೆ ಮೂರು ಸೆಂಟಿಮೀಟರ್, ಅಂದರೆ ಸುಮಾರು ಅರ್ಧ ಟನ್ ಉಕ್ಕು. ಆ ಅರ್ಧ ಟನ್ನಿನಿಂದ ಸಿಗುವ ಲಾಭವೆಷ್ಟು? ದೂರದೊಂದಿಗೆ ಡೋಸ್ ಕುಗ್ಗುವ ಲೆಕ್ಕ ಹಾಕಿ ನೋಡಿದರೆ, ಮಾರಕ ವ್ಯಾಪ್ತಿ 400 ಮೀಟರ್‌ನಿಂದ ಸುಮಾರು 320 ಮೀಟರ್‌ಗೆ ಬರುತ್ತದೆ, ಅಷ್ಟೇ. ಎಂಬತ್ತು ಮೀಟರ್! ನಿಮ್ಮ ಸೈನಿಕ ಅಷ್ಟು ದೂರವನ್ನು ಹತ್ತು ಸೆಕೆಂಡಿನೊಳಗೆ ಓಡಿ ದಾಟುತ್ತಾನೆ. ಅದೂ ಗಾಮಾ ಕಿರಣಗಳ ಲೆಕ್ಕ ಮಾತ್ರ. ನ್ಯೂಟ್ರಾನ್‌ಗಳನ್ನು ತಡೆಯಲು ಉಕ್ಕಿಗಿಂತ ನೀರು, ಮೇಣ, ಪಾಲಿಥೀನ್‌ನಂಥ ಹೈಡ್ರೋಜನ್ ತುಂಬಿದ ವಸ್ತುಗಳು ಬೇಕು, ಮತ್ತು ಅವು ಸ್ಥಳ ತಿನ್ನುತ್ತವೆ.

ಆದ್ದರಿಂದ ಯಂತ್ರಕವಚ ಪದಾತಿಯನ್ನು ಅಣ್ವಸ್ತ್ರದಿಂದ ಕಾಯುವುದು ತನ್ನ ದಪ್ಪದಿಂದ ಅಲ್ಲ, ತನ್ನ ವೇಗದಿಂದ. ಪಡೆ ಮೊದಲೇ ಚದುರಿ ನಿಂತು, ಬೇಕಾದ ಗಳಿಗೆಯಲ್ಲಿ ಮಾತ್ರ ಒಟ್ಟುಗೂಡಿ, ಮತ್ತೆ ಚದುರಬಲ್ಲದಾದರೆ ಅಸ್ತ್ರಕ್ಕೆ ಗುರಿಯೇ ಸಿಗುವುದಿಲ್ಲ. ದಾಳದಿಂದ ಕವಚಕ್ಕೆ ಕೊಟ್ಟ ರಿಯಾಯಿತಿಯನ್ನು ತೆಗೆದುಹಾಕಿ, ಆ ಬೆಲೆಯನ್ನು ಅಂತರಕ್ಕೆ ಕೊಡಿ.

ಹಳೆ ನಕ್ಷೆ (ಮುಳ್ಳೇರಿಯ):

ಮಾಸ್ತರರ ಲೆಕ್ಕಕ್ಕೆ ಇತಿಹಾಸದ ಬೆಂಬಲವೂ ಇದೆ. 1959ರಲ್ಲಿ ರಾಬರ್ಟ್ ಹೈನ್‌ಲೈನ್ ತಮ್ಮ ಕಾದಂಬರಿಯಲ್ಲಿ ಯಂತ್ರಕವಚದ ಪದಾತಿಯ ಕೈಗೆ ಪುಟ್ಟ ಅಣುರಾಕೆಟ್‌ಗಳನ್ನು ಕೊಟ್ಟಾಗ, ಅಮೆರಿಕದ ಭೂಸೇನೆ ಅಂಥದೇ ಒಂದನ್ನು ನಿಜವಾಗಿ ತಯಾರಿಸುತ್ತಿತ್ತು. ಡೇವಿ ಕ್ರಾಕೆಟ್ ಎಂಬ ಹೆಸರಿನ ಆ ಆಯುಧ 1961ರಲ್ಲಿ ಸೇನೆಗೆ ಬಂದು 1971ರವರೆಗೆ ಉಳಿಯಿತು. ಅದರೊಳಗಿನ ಡಬ್ಲ್ಯು-54 ಸಿಡಿತಲೆ ಸುಮಾರು 23 ಕಿಲೋ. ಹೊರಕೋಶ ಸೇರಿ ಇಡೀ ಗುಂಡು ಸುಮಾರು 35 ಕಿಲೋ. ಶಕ್ತಿ 10ರಿಂದ 20 ಟನ್. ಜೀಪಿನಿಂದಲೂ ನೆಲದ ಮುಕ್ಕಾಲಿಯಿಂದಲೂ ಹಾರಿಸಬಹುದಾಗಿದ್ದ ಅದರ ಚಿಕ್ಕ ಕೊಳವೆಗೆ 2 ಕಿಲೋಮೀಟರ್, ದೊಡ್ಡದಕ್ಕೆ 4 ಕಿಲೋಮೀಟರ್ ವ್ಯಾಪ್ತಿ. 1962ರ ಜುಲೈಯಲ್ಲಿ ನೆವಾಡಾದಲ್ಲಿ ಸೈನಿಕರೇ ಅದನ್ನು ಹಾರಿಸಿ ಪರೀಕ್ಷಿಸಿದರು. ಹಾರಿಸಿದವರೂ ಸಾಯುತ್ತಿದ್ದರು ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಎರಡು ಕಿಲೋಮೀಟರ್ ದೂರಕ್ಕೆ ಹಾರಿಸಿ ದಿಬ್ಬದ ಮರೆಯಲ್ಲಿ ಕುಳಿತವರಿಗೆ 400 ಮೀಟರ್‌ನ ಮಾರಕ ವ್ಯಾಪ್ತಿ ತಲುಪುವುದಿಲ್ಲವಾದ್ದರಿಂದ ಅದನ್ನು ನಂಬಬೇಕಾಗಿಲ್ಲ. ಆದರೆ ಗುರಿಯ ನಿಖರತೆ ಕಡಿಮೆಯಿತ್ತು. ನಿಮ್ಮ ನಿಯಮದಲ್ಲಿ ಅಸ್ತ್ರ ಒಂದು ಮನೆ ಆಚೀಚೆ ಬೀಳುವ ಸಾಧ್ಯತೆಯನ್ನು ಖಂಡಿತ ಸೇರಿಸಿ. ಶತ್ರುವಿಗೆ ಮೂರೇ ಮನೆ ದೂರದಲ್ಲಿರುವವನು ಹಾರಿಸುವ ಮೊದಲು ಎರಡು ಸಲ ಯೋಚಿಸುತ್ತಾನೆ.

ಇನ್ನೊಂದು ಮಾತು. ಕಲ್ಪನೆಯ ಕಥೆಗಳಲ್ಲಿ ಅಂಗೈಯಗಲದ ಅಣುಗ್ರೆನೇಡ್‌ಗಳು ಬರುತ್ತವೆ. ಸಿಡಿತಲೆಯ ಶಕ್ತಿಯನ್ನು ಎಷ್ಟು ಬೇಕಾದರೂ ಇಳಿಸಬಹುದು, ತೂಕವನ್ನು ಹಾಗೆ ಇಳಿಸಲಾಗದು. ಸರಪಣಿ ಕ್ರಿಯೆ ನಡೆಯಲು ಬೇಕಾದಷ್ಟು ವಿದಳನ ವಸ್ತುವೂ ಅದನ್ನು ಅಮುಕಲು ಬೇಕಾದಷ್ಟು ಸ್ಫೋಟಕವೂ ಇರಲೇಬೇಕು. ಕವಚ ತೊಟ್ಟವನಿಗೆ 35 ಕಿಲೋ ಹೊರೆಯೇನೂ ಅಲ್ಲ. ಆದ್ದರಿಂದ ತುಕಡಿಗೊಂದು ಎಂಬ ನಿಮ್ಮ ಪ್ರಮಾಣ ಸರಿಯಾಗಿದೆ. ಆಳಿಗೊಂದು ಎಂದು ಏರಿಸಬೇಡಿ.

ಚದುರುವಿಕೆಯ ಬಗ್ಗೆ ಮಾಸ್ತರರು ಹೇಳಿದ್ದನ್ನೇ ಅಮೆರಿಕದ ಸೇನೆ 1950ರ ದಶಕದ ಕೊನೆಯಲ್ಲಿ ಪ್ರಯೋಗಿಸಿ ನೋಡಿತು. ಒಂದೇ ಬಾಂಬಿಗೆ ಡಿವಿಷನ್ ಎಂಬ ದೊಡ್ಡ ಸೇನಾಘಟಕ ಇಡಿಯಾಗಿ ಬಲಿಯಾಗಬಾರದೆಂದು ಅದನ್ನು ಐದು ಸ್ವತಂತ್ರ ಪಡೆಗಳಾಗಿ ವಿಂಗಡಿಸಿ ಪೆಂಟೋಮಿಕ್ ಎಂಬ ಹೆಸರಿಟ್ಟರು. ಅಷ್ಟು ದೂರ ದೂರ ನಿಂತ ಪಡೆಗಳನ್ನು ಆಗಿನ ಸಂಪರ್ಕ ಸಾಧನಗಳಿಂದ ನಿಭಾಯಿಸುವುದು ಕಷ್ಟವಾಗಿ, ಕೆಲವೇ ವರ್ಷಗಳಲ್ಲಿ ಆ ವ್ಯವಸ್ಥೆಯನ್ನು ಕೈಬಿಟ್ಟರು. ನಿಮ್ಮ ಆಟದ ಜೀವ ಇರುವುದು ಇಲ್ಲಿ. ಮಾರಕ ವ್ಯಾಪ್ತಿ ಎರಡು ಮನೆಯಾದರೆ, ಒಂದೇ ಅಸ್ತ್ರಕ್ಕೆ ಎರಡು ತುಕಡಿಗಳು ಸಿಗದಿರಬೇಕಾದರೆ ಅವುಗಳು ಐದು ಮನೆಯಷ್ಟು, ಅಂದರೆ ಒಂದು ಕಿಲೋಮೀಟರ್ ದೂರದಲ್ಲಿರಬೇಕು. ಬಯಲುಸೀಮೆಯಲ್ಲಿ ಅದು ಸುಲಭ. ನಮ್ಮ ಬೈಲುಗಳಲ್ಲಿ ಸುಲಭವಲ್ಲ. ಶಿರಿಯಾ ಹೊಳೆ ತುಂಬಿದಾಗ ಸೇತುವೆಯ ಬುಡಕ್ಕೆ ಎಲ್ಲರೂ ಬಂದು ಸೇರಲೇಬೇಕು. ಯಾರು ಎಲ್ಲಿ ಒಟ್ಟಾಗಬೇಕಾಗುತ್ತದೆ ಎಂಬುದನ್ನು ಊಹಿಸುವುದೇ ಆಟಗಾರನ ಕೌಶಲವಾಗಲಿ.

1977ರಲ್ಲಿ ಸ್ಟೀವ್ ಜಾಕ್ಸನ್ ರೂಪಿಸಿದ ಓಗರ್ ಎಂಬ ಆಟದಲ್ಲಿಯೂ ಯಂತ್ರಕವಚದ ಪದಾತಿ, ಅಣ್ವಸ್ತ್ರ ಎರಡೂ ಇವೆ. ಅಲ್ಲಿ ಒಂದು ಮನೆಗೆ 1500 ಮೀಟರ್ ಆದ ಕಾರಣ ಸಣ್ಣ ಸಿಡಿತಲೆಯ ಪರಿಣಾಮವೆಲ್ಲ ಒಂದೇ ಮನೆಯೊಳಗೆ ಅಡಗಿ, ಅದನ್ನು ಸಾಮಾನ್ಯ ದಾಳಿಯಂತೆಯೇ ಎಣಿಸಿದರೆ ನಡೆಯುತ್ತದೆ. 200 ಮೀಟರ್‌ನ ನಿಮ್ಮ ನಕ್ಷೆಗೆ ಆ ದಾರಿ ಹೊಂದುವುದಿಲ್ಲ.

ಹೊಳೆಬದಿ (ಮಂಜೇಶ್ವರ):

ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಇಬ್ಬರೂ ಮಾರಕ ಎಂಬ ಪದವನ್ನು ಕಾಯಿಯನ್ನು ಹಲಗೆಯಿಂದ ಎತ್ತಿಬಿಡುವ ಅರ್ಥದಲ್ಲಿ ಬಳಸಿದಂತಿದೆ. ವಿಕಿರಣ ಹಾಗೆ ಕೊಲ್ಲುವುದಿಲ್ಲ. ನಾನು ಆಸ್ಪತ್ರೆಯಲ್ಲಿ ದುಡಿಯುವವಳು, ಕ್ಯಾನ್ಸರ್ ರೋಗಿಗಳಿಗೆ ಅಳೆದು ಕೊಡುವ ವಿಕಿರಣದ ಪರಿಣಾಮವನ್ನು ದಿನವೂ ನೋಡುವವಳು. ಹಾಗಾಗಿ ಈ ಭಾಗವನ್ನು ಬಿಡಿಸಿ ಹೇಳಬೇಕೆನಿಸಿತು.

ಸೇನೆಗಳು ಬಳಸುತ್ತಿದ್ದ ಅಳತೆಗಳಲ್ಲಿ ಮೂರು ಹಂತಗಳಿದ್ದವು. ಸುಮಾರು 80 ಗ್ರೇ (ಮೈ ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನ) ಡೋಸ್ ಬಿದ್ದವನು ಐದು ನಿಮಿಷದೊಳಗೆ ಕುಸಿದು ಮತ್ತೆ ಏಳುವುದಿಲ್ಲ. ಸುಮಾರು 30 ಗ್ರೇ ಬಿದ್ದವನು ಅಷ್ಟೇ ಬೇಗ ಕುಸಿದರೂ ಅರ್ಧ ಮುಕ್ಕಾಲು ಗಂಟೆಯಲ್ಲಿ ಒಂದಿಷ್ಟು ಚೇತರಿಸಿಕೊಂಡು, ಕೆಲವು ದಿನಗಳಲ್ಲಿ ಸಾಯುತ್ತಾನೆ. ಆರೂವರೆ ಗ್ರೇ ಬಿದ್ದವನಿಗೆ ಮೊದಲಿಗೆ ಏನೂ ಆದಂತಿರುವುದಿಲ್ಲ. ಎರಡು ಗಂಟೆಯೊಳಗೆ ವಾಂತಿ, ಸುಸ್ತು ಶುರುವಾಗುತ್ತದೆ, ಆಮೇಲೆ ಕೆಲವು ದಿನ ಹುಷಾರಾದಂತೆ ಕಾಣುತ್ತಾನೆ. ಅಷ್ಟರಲ್ಲಿ ಅಸ್ಥಿಮಜ್ಜೆ ಸತ್ತು, ರಕ್ತಕಣಗಳು ಹುಟ್ಟದೆ, ಸೋಂಕಿನಿಂದಲೋ ರಕ್ತಸ್ರಾವದಿಂದಲೋ ವಾರಗಳ ನಂತರ ತೀರಿಹೋಗುತ್ತಾನೆ.

20 ಟನ್ ಅಸ್ತ್ರಕ್ಕೆ 150 ಮೀಟರ್‌ನಲ್ಲಿ ಡೋಸ್ ಸುಮಾರು 100 ಗ್ರೇ, 400 ಮೀಟರ್‌ನಲ್ಲಿ ಸುಮಾರು 6. ಅದರ ನಡುವೆ, 30 ಗ್ರೇ ಎಂಬುದು ಅಂದಾಜು 240 ಮೀಟರ್‌ನಲ್ಲಿ ಬೀಳುತ್ತದೆ. ನಿಮ್ಮ ಮನೆಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಬಿದ್ದ ಮನೆಯಲ್ಲಿದ್ದವರು ಆಟದಿಂದ ಹೊರಗೆ. ಮೊದಲ ಸುತ್ತಿನ ಆರು ಮನೆಗಳಲ್ಲಿದ್ದವರು ಮೂರನೇ ಸರದಿಯೊಳಗೆ ಕುಸಿಯುತ್ತಾರೆ, ಆದರೆ ಆ ಎರಡು ಸರದಿಗಳಲ್ಲಿ ಅವರು ಗುಂಡು ಹಾರಿಸಬಲ್ಲರು, ತಮ್ಮಲ್ಲಿರುವ ಅಣ್ವಸ್ತ್ರವನ್ನೂ ಹಾರಿಸಬಲ್ಲರು. ಎರಡನೇ ಸುತ್ತಿನವರು ಇಡೀ ಆಟವನ್ನು ಆಡಿ ಮುಗಿಸುತ್ತಾರೆ. ಅವರ ಕವಚದೊಳಗಿನ ಡೋಸ್ ಮಾಪಕ ಮಾತ್ರ ನಿಜ ಹೇಳುತ್ತಿರುತ್ತದೆ. ಮೊದಲು ಹಾರಿಸಿದವನೇ ಗೆಲ್ಲುವ ನಿಮ್ಮ ಸಮಸ್ಯೆ ಇದರಿಂದಲೇ ಮುಕ್ಕಾಲು ಪಾಲು ಪರಿಹಾರವಾಗಬಹುದು, ಏಕೆಂದರೆ ತಾನು ಬದುಕುವುದಿಲ್ಲವೆಂದು ತಿಳಿದ, ಕೈಯಲ್ಲಿ ಇನ್ನೂ ಆಯುಧವಿರುವ ತುಕಡಿಗಿಂತ ಅಪಾಯಕಾರಿಯಾದದ್ದು ಹಲಗೆಯ ಮೇಲೆ ಇನ್ನೊಂದಿರಲಾರದು.

ಕಡಿವಾಣದ ಬಗ್ಗೆ ಒಂದು ಮಾತು. 1955ರಲ್ಲಿ ನೇಟೋ ನಡೆಸಿದ ಕಾರ್ಟ್ ಬ್ಲಾಂಶ್ ಎಂಬ ಕವಾಯತಿನಲ್ಲಿ 335 ಅಣುಬಾಂಬುಗಳು ಬಿದ್ದಂತೆ ಕಲ್ಪಿಸಿ ಲೆಕ್ಕ ಹಾಕಿದಾಗ, ಜರ್ಮನಿಯಲ್ಲಿ 17 ಲಕ್ಷ ಜನ ಸತ್ತು 35 ಲಕ್ಷ ಜನ ಗಾಯಗೊಳ್ಳುತ್ತಿದ್ದರೆಂದು ಕಂಡಿತು. ಯಾರ ರಕ್ಷಣೆಗಾಗಿ ಯುದ್ಧವೋ ಅವರ ನೆಲವೇ ಸುಟ್ಟುಹೋಗುವ ಲೆಕ್ಕ ಅದು. ನೀವು ಆಡುತ್ತಿರುವುದು ನಿಮ್ಮದೇ ಊರಿನ ನಕ್ಷೆಯ ಮೇಲೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕ ಎರಡು ದಶಕ ನಮ್ಮ ಗುಡ್ಡೆಗಳ ಮೇಲೆ ಸುರಿದು, ಇಳಿದು, ತೋಡು ಬಾವಿಗಳಿಗೆ ಸೇರಿದ ಜಿಲ್ಲೆ ಇದು; ಮೇಲಿನಿಂದ ಬಿದ್ದ ವಿಷ ಯಾರ ಮನೆಯಂಗಳಕ್ಕೆ ಬರುತ್ತದೆಂಬುದನ್ನು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹಾಗಾಗಿ ವಿಕಿರಣ ಧೂಳಿನ ನಿಯಮವನ್ನು ದಯವಿಟ್ಟು ಬಿಡಬೇಡಿ. ನೆಲಕ್ಕೆ ತಾಗಿ ಸಿಡಿದ ಅಸ್ತ್ರ ಮಣ್ಣನ್ನು ಎಬ್ಬಿಸಿ ಗಾಳಿಯ ದಿಕ್ಕಿನಲ್ಲಿ ಚೆಲ್ಲುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಬೀಸುವಾಗ ಅದು ಪೂರ್ವದ ಬೈಲುಗಳಿಗೆ ಹೋಗುತ್ತದೆ. ಅಲ್ಲಿ ಜನವಸತಿಯ ಮನೆಯೊಂದು ಮಲಿನವಾದರೆ ಹಾರಿಸಿದವನ ಅಂಕ ಕಡಿಯಬೇಕು, ಅದೂ ದೊಡ್ಡ ಪ್ರಮಾಣದಲ್ಲಿ.

ಪದವಿನಂಚು (ಬದಿಯಡ್ಕ):

ಮಾಸ್ತರರಿಗೂ ಮುಳ್ಳೇರಿಯದ ಅಣ್ಣನಿಗೂ ಮಂಜೇಶ್ವರದ ಅಕ್ಕನಿಗೂ ಕೃತಜ್ಞತೆಗಳು. ಮುಂದಿನ ಭಾನುವಾರಕ್ಕೆ ನಿಯಮವನ್ನು ಹೀಗೆ ತಿದ್ದಬೇಕೆಂದಿದ್ದೇನೆ: ಮೂರು ವಲಯಗಳ ಡೋಸ್, ಕುಸಿಯುವ ಮೊದಲು ಎರಡು ಸರದಿ, ಗುರಿ ತಪ್ಪುವ ಸಾಧ್ಯತೆ, ಕವಚಕ್ಕೆ ರಿಯಾಯಿತಿಯಿಲ್ಲ, ಮಲಿನವಾದ ಊರಿಗೆ ಅಂಕದ ದಂಡ. ಜೊತೆಗೆ, ಹಾರಿಸುವ ಅನುಮತಿ ಮೇಲಧಿಕಾರಿಯ ಕಾಯಿಯಿಂದ ಒಂದು ಸರದಿ ಮೊದಲೇ ಬರಬೇಕೆಂದು ಸೇರಿಸುತ್ತೇನೆ. ಆಗ ಎದುರಾಳಿಗೆ ಚದುರಲು ಸಮಯ ಸಿಗುತ್ತದೆ.

ಎರಡು ಸಂಶಯ ಉಳಿದಿವೆ. ಗುಡ್ಡೆಯ ಮರೆಯಲ್ಲಿದ್ದವರಿಗೆ ಡೋಸ್ ಎಷ್ಟು ಇಳಿಸಬೇಕು? ನಮ್ಮ ಗುಡ್ಡೆಗಳ ಬದಿಯಲ್ಲಿ ನೀರಿಗಾಗಿ ಕೊರೆದ ಸುರಂಗಗಳನ್ನೂ ನಕ್ಷೆಯಲ್ಲಿ ಗುರುತಿಸಿದ್ದೇವೆ. ಪದಾತಿ ಅವುಗಳೊಳಗೆ ಅಡಗಬಹುದೇ? ಇನ್ನು, ಒಮ್ಮೆ ಮಲಿನವಾದ ಮನೆಯನ್ನು ಎಷ್ಟು ಕಾಲ ಹಾಗೆಯೇ ಇಡಬೇಕು?

ನಿವೃತ್ತ ಮಾಸ್ತರ (ನೀರ್ಚಾಲು):

ಗುಡ್ಡೆಯ ಮರೆಗೆ ದೊಡ್ಡ ಬೆಲೆಯಿದೆ. ಅರ್ಧ ಮೀಟರ್ ಮಣ್ಣು ಗಾಮಾ ಕಿರಣಗಳನ್ನು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಸುತ್ತದೆ. ಇಡೀ ಗುಡ್ಡೆಯೇ ಅಡ್ಡ ಬಂದರೆ ನೇರವಾಗಿ ಬರುವುದೇನೂ ಉಳಿಯುವುದಿಲ್ಲ. ಆದರೂ ಗಾಳಿಯಲ್ಲಿ ಚದುರಿ ಮೇಲಿನಿಂದ ಇಳಿಯುವ ಅಂಶ ಇದ್ದೇ ಇರುತ್ತದಾದ್ದರಿಂದ ಸೊನ್ನೆ ಎಂದು ಬರೆಯಬೇಡಿ. ಸ್ಫೋಟದ ಮನೆಯಿಂದ ನೇರ ನೋಟ ತಡೆದಿದ್ದರೆ ಒಂದು ವಲಯ ಇಳಿಸಿ. ಆಟಕ್ಕೆ ಅಷ್ಟು ಸಾಕು. ಬೈಲಿನಲ್ಲಿ ನಡೆಯುವವನು ಗುಂಪಾಗಬೇಕಾದ ಅಪಾಯಕ್ಕೆ ಬದಲಾಗಿ ಮರೆಯ ಲಾಭ ಪಡೆಯುತ್ತಾನೆ, ಪದವಿನ ಮೇಲೆ ನಡೆಯುವವನು ಚದುರಲು ಜಾಗವಿದ್ದರೂ ಬಯಲಿಗೆ ಬೀಳುತ್ತಾನೆ. ಆಯ್ಕೆ ಆಟಗಾರನದು.

ಸುರಂಗದ ವಿಷಯ ಕೇಳಿದ್ದು ಸಂತೋಷ. ಒಳಗೆ ಹತ್ತು ಹೆಜ್ಜೆ ಹೋಗಿ ಒಂದು ತಿರುವು ದಾಟಿದರೆ ತಲೆಯ ಮೇಲೆ ಹಲವು ಮೀಟರ್ ಮುರಕಲ್ಲಿರುತ್ತದೆ. ಅದಕ್ಕಿಂತ ಒಳ್ಳೆಯ ಆಸರೆ ನಿಮ್ಮ ನಕ್ಷೆಯಲ್ಲಿ ಬೇರೆ ಇಲ್ಲ. ಆದರೆ ಸುರಂಗವನ್ನು ಕೊರೆದವರು ಒಬ್ಬಾಳು ಪಿಕ್ಕಾಸು ಹಿಡಿದು ಕೆಲಸ ಮಾಡುವಷ್ಟೇ ಅಗಲಕ್ಕೆ ಕೊರೆದಿದ್ದಾರೆ. ಭುಜ ಸ್ವಲ್ಪ ಓರೆಯಾದರೆ ಗೋಡೆಗೆ ತಾಗುತ್ತದೆ, ಕಾಲಡಿಯಲ್ಲಿ ನೀರು ಹರಿಯುತ್ತಿರುತ್ತದೆ. ಯಂತ್ರಕವಚ ತೊಟ್ಟವನು ಅದರ ಬಾಯಿಯಲ್ಲೇ ಸಿಕ್ಕಿಕೊಳ್ಳುತ್ತಾನೆ. ಕವಚವನ್ನು ಹೊರಗೆ ಕಳಚಿಟ್ಟು ಒಳಗೆ ಹೋಗಬೇಕು; ಅದಕ್ಕೆ ಒಂದು ಸರದಿ, ಮತ್ತೆ ತೊಡಲು ಇನ್ನೊಂದು ಸರದಿ ಎಂದು ಇಡಿ. ಊರಿನವರಿಗೆ ಈ ತೊಂದರೆಯಿಲ್ಲ. ಮಂಜೇಶ್ವರದ ತಂಗಿ ಹೇಳಿದ ಅಂಕದ ದಂಡದಲ್ಲಿ, ಸುರಂಗವಿರುವ ಮನೆಯ ಜನ ಮುನ್ಸೂಚನೆ ಸಿಕ್ಕಿದ್ದರೆ ಉಳಿಯುತ್ತಾರೆ ಎಂಬ ವಿನಾಯಿತಿಯನ್ನು ಸೇರಿಸಬಹುದು.

ಧೂಳಿನ ಕಾಲಾವಧಿಗೆ ಸರಳವಾದ ಸೂತ್ರವೊಂದಿದೆ: ಸಮಯ ಏಳು ಪಟ್ಟಾದಾಗ ವಿಕಿರಣದ ತೀವ್ರತೆ ಹತ್ತನೇ ಒಂದು ಪಾಲಾಗುತ್ತದೆ. ಸ್ಫೋಟವಾದ ಒಂದು ಗಂಟೆಯ ಬಳಿಕ ಇದ್ದ ತೀವ್ರತೆ ಏಳು ಗಂಟೆಗೆ ಹತ್ತನೇ ಒಂದು, ಎರಡು ದಿನಕ್ಕೆ ನೂರನೇ ಒಂದು, ಎರಡು ವಾರಕ್ಕೆ ಸಾವಿರದಲ್ಲಿ ಒಂದು ಪಾಲು. ಎರಡು ನಿಮಿಷದ ಸರದಿಗಳ ಆಟದಲ್ಲಿ ಮಲಿನವಾದ ಮನೆ ಕೊನೆಯವರೆಗೂ ಮಲಿನವೇ. ಹಲವು ಭಾನುವಾರ ಮುಂದುವರಿಯುವ ಅಭಿಯಾನವಾದರೆ ಮಾತ್ರ ಈ ಸೂತ್ರವನ್ನು ಅನ್ವಯಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಆಡುವುದಾದರೆ, ಪದವಿನ ಮೇಲೆ ಬಿದ್ದ ಧೂಳನ್ನು ಮುಂದಿನ ಅಭಿಯಾನದ ಹಂತದಲ್ಲಿ ಕೆಳಗಿನ ಬೈಲಿನ ಮನೆಗೆ ಸರಿಸಬೇಕು. ನೀರು ಇಳಿಯುವ ದಾರಿಯನ್ನು ನಕ್ಷೆಯಲ್ಲಿ ಈಗಲೇ ಬಾಣ ಹಾಕಿ ಗುರುತಿಸಿಕೊಳ್ಳಿ.